ಕುಮಾರ ಪರ್ವತಕ್ಕೆ ಕಾಲು ಪಳಗಿಸಲು: ಟ್ರೆಡ್‌ಮಿಲ್ಲೋ, ಸ್ಕಿಪ್ಪಿಂಗೋ, ಚಾಮುಂಡಿ ಮೆಟ್ಟಿಲೋ?

ಮೈಸೂರಿನಲ್ಲಿದ್ದು ಕುಮಾರ ಪರ್ವತದ ಟ್ರೆಕ್ಕಿಗೆ ಪ್ಲಾನ್ ಹಾಕಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಚಾಮುಂಡಿ ಬೆಟ್ಟದ ಮೆಟ್ಟಿಲು ಸಾಕು. ಜಿಮ್ಮಿಗೆ ಮೂರು ತಿಂಗಳ ಫೀಸು 4,500 ರೂಪಾಯಿ ಕಟ್ಟಿ, ಸ್ಕಿಪ್ಪಿಂಗ್ ಹಗ್ಗವನ್ನೂ ತಂದು ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ಟ್ರೆಡ್‌ಮಿಲ್ ಕೆಟ್ಟದ್ದೇನಲ್ಲ. ಏರು ಜಾಸ್ತಿ ಮಾಡಿಕೊಂಡು ನಡೆದರೆ ಉಸಿರು ಚೆನ್ನಾಗಿ ಪಳಗುತ್ತದೆ. ಬೆಟ್ಟದ ಬುಡದ ಕುಕ್ಕೆಯಿಂದ ದಾರಿ ನಡುವೆ ಸಿಗುವ ಭಟ್ಟರ ಮನೆ ತನಕ ಕಾಡೊಳಗಿನ ಏರಿನಲ್ಲಿ ನನಗೆ ಅಷ್ಟೇನೂ ಏದುಸಿರು ಬರಲಿಲ್ಲ. ಅದರ ಪುಣ್ಯ ಟ್ರೆಡ್‌ಮಿಲ್ಲಿಗೇ ಸೇರಬೇಕು. ಕಂಬಿ ಹಿಡಿದುಕೊಂಡು ನಡೆಯಬಾರದು ಅಷ್ಟೆ. ಮೈಭಾರ ಕೈ ಮೇಲೆ ಬಿದ್ದರೆ ಕಾಲಿಗೇನು ಕೆಲಸ?

ತಕರಾರು ಶುರುವಾಗುವುದು ಇಳಿಯುವಾಗ. ಶಿಖರ 1,712 ಮೀಟರ್, ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಹತ್ತಿದ್ದನ್ನೆಲ್ಲ ಇಳಿಯಲೇಬೇಕಲ್ವಾ? ಶಿರಾಡಿ ಘಾಟಿಯಲ್ಲಿ ಲೋಡು ಲಾರಿ ಬ್ರೇಕ್ ಒತ್ತಿಕೊಂಡೇ ಇಳಿಯುವ ಹಾಗೆ, ನಮ್ಮ ತೊಡೆಯ ಮುಂಭಾಗವೂ ಹೆಜ್ಜೆಹೆಜ್ಜೆಗೂ ಮೈಭಾರ ತಡೆಯುತ್ತಿರುತ್ತದೆ. ಹತ್ತುವಾಗ ಸ್ನಾಯು ಕುಗ್ಗುತ್ತಾ ದುಡಿಯುತ್ತದೆ, ಇಳಿಯುವಾಗ ಭಾರ ಹೊತ್ತುಕೊಂಡೇ ಉದ್ದವಾಗುತ್ತದೆ. ಅಭ್ಯಾಸವಿಲ್ಲದ ತೊಡೆಯನ್ನು ಹಿಂಡಿಹಾಕುವುದು ಈ ಎರಡನೆಯದೇ.

ಸಾಮಾನ್ಯ ಜಿಮ್ಮಿನ ಟ್ರೆಡ್‌ಮಿಲ್ ಮುಂದುಗಡೆ ಮೇಲಕ್ಕೇಳುತ್ತದೆ, ಕೆಳಕ್ಕೆ ಬಾಗುವುದಿಲ್ಲ. ಹಾಗಾಗಿ ಅಷ್ಟು ದಿನ ಬೆವರು ಸುರಿಸಿದರೂ ತೊಡೆಗೆ ಇಳಿಯುವ ಪಾಠವೇ ಆಗಿರಲಿಲ್ಲ. ವಾಪಸ್ ಭಟ್ಟರ ಮನೆ ತಲುಪುವಷ್ಟರಲ್ಲಿ ಮಂಡಿ ಮೇಲಿನ ಮಾಂಸ ಗಡಗಡ ನಡುಗುತ್ತಿತ್ತು. ನೋವು ಜೋರಾಗಿದ್ದು ಆಮೇಲೆ, ಎರಡನೇ ದಿನ. ಆಫೀಸಿನ ಮೆಟ್ಟಿಲನ್ನು ಕಂಬಿ ಹಿಡಿದು ಅಡ್ಡಡ್ಡ ಇಳಿದೆ. ಕುರ್ಚಿಯಲ್ಲಿ ಕೂರಬೇಕಾದರೆ ಮೊದಲು ಮೇಜಿಗೆ ಕೈ ಕೊಡಬೇಕು, ಆಮೇಲೆ ದೊಪ್ಪಂತ ಬೀಳಬೇಕು.

ಸ್ಕಿಪ್ಪಿಂಗ್ ಅಗ್ಗ, ಮೀನಖಂಡಕ್ಕೆ ಒಳ್ಳೆಯದು. ಕೆಳಗಿನ ಮನೆಯವರಿಗೆ ಒಳ್ಳೆಯದಲ್ಲ.

ಇನ್ನು ಚಾಮುಂಡಿ ಮೆಟ್ಟಿಲು. ಲೆಕ್ಕಕ್ಕೆ 1,008, 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಮಾಡಿಸಿದ್ದು. ಎಲ್ಲವೂ ಒಂದೇ ಎತ್ತರ ಇಲ್ಲ, ಅದೇ ಅದರ ಗುಣ. ಕಾಡುದಾರಿಯ ಬೇರು, ಕಲ್ಲುಗಳ ಎತ್ತರವೂ ಒಂದೇ ಸಮ ಇರುವುದಿಲ್ಲವಲ್ಲ. ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಅವರ ಮುಂದೆ ನಮ್ಮ ವರ್ಕೌಟ್ ಏನೂ ಅಲ್ಲ ಬಿಡಿ.

ಬಹಳ ಜನ ಹತ್ತಿ, ದರ್ಶನ ಮುಗಿಸಿ, ಸಿಟಿ ಬಸ್ಸಿನಲ್ಲಿ ಇಳಿದುಬಿಡುತ್ತಾರೆ. ಟ್ರೆಕ್ಕಿಗೆ ಬೇಕಾದ ಅರ್ಧ ಕಸರತ್ತು ಆ ಬಸ್ಸಿನಲ್ಲೇ ಹೋಯಿತು. ನಿಧಾನವಾಗಿ, ಧಡಧಡ ಎನ್ನದೆ, ಕಾಲು ಊರಿ ಇಳಿಯಿರಿ. ಮೊದಲ ಸಲ ತೊಡೆ ಹಿಡಿದುಕೊಳ್ಳುತ್ತದೆ. ಆಮೇಲೆ ಸ್ನಾಯು ಹೊಂದಿಕೊಳ್ಳುತ್ತದೆ, ಅದರ ಲಾಭ ಕೆಲವು ವಾರ ಉಳಿಯುತ್ತದೆ. ಮುಂದಿನ ಸಲ ಕುಮಾರ ಪರ್ವತದಿಂದ ಬಂದ ಮೇಲೆ ನಾನು ಕುರ್ಚಿಯಲ್ಲಿ ಸುಮ್ನೆ ಕೂತೆ, ಮೇಜಿಗೆ ಕೈ ಕೊಡದೆ.

ಬೆಳಿಗ್ಗೆ ಬೇಗ ಏಳುವ ಅಭ್ಯಾಸ ನನಗಿದೆ, ಬೆಟ್ಟದ ಪಾದದ ತನಕ ಬೈಕಿನ ಪೆಟ್ರೋಲ್ ಬಿಟ್ಟರೆ ಖರ್ಚಿಲ್ಲ. ಜಿಮ್ ರಿನ್ಯೂ ಮಾಡಿಸಲಿಲ್ಲ. ನಿಮ್ಮೂರಲ್ಲಿ ಬೆಟ್ಟ ಇಲ್ಲದಿದ್ದರೆ ಅಪಾರ್ಟ್‌ಮೆಂಟಿನ ಮೆಟ್ಟಿಲು ನಡೆಯುತ್ತದೆ. ಬರುವಾಗ ಲಿಫ್ಟ್ ಬೇಡ. ಮಂಡಿನೋವು ಮೊದಲೇ ಇದ್ದರೆ ಡಾಕ್ಟರನ್ನು ಕೇಳಿ. ಟ್ರೆಕ್ಕಿಗೆ ನಾಲ್ಕೈದು ದಿನ ಇದೆ ಎನ್ನುವಾಗ ಮೆಟ್ಟಿಲು ನಿಲ್ಲಿಸಿಬಿಡಿ, ನೋವು ಹೊತ್ತುಕೊಂಡು ಕುಕ್ಕೆ ಬಸ್ಸು ಹತ್ತಬಾರದು.