ಎಲ್ಟ್ಸ್, ಮಾರ್ಕ್ಸ್‌ಬುರ್ಗ್, ರೈನ್‌ಫೆಲ್ಸ್: ಮೂರರಲ್ಲಿ ಯಾವ ಕೋಟೆಗೆ ಹೋಗೋದು?

ಊರಿಂದ ಜರ್ಮನಿಗೆ ಯಾರೇ ಬರಲಿ, ಮೊದ್ಲು ಕೇಳೋದು ನಾಯ್‌ಶ್ವಾನ್‌ಸ್ಟೈನ್ ಕೋಟೆ. ನೋಡೋಕೆ ಚೆನ್ನಾಗೇ ಇದೆ ಬಿಡಿ, ಆದ್ರೆ ಅದನ್ನ ಕಟ್ಟೋಕೆ ಶುರು ಮಾಡಿದ್ದೇ 1869ರಲ್ಲಿ, ಈಗಿನ ಮೈಸೂರು ಅರಮನೆಗಿಂತ ಒಂದು ಮೂವತ್ತು ವರ್ಷ ಹಳೇದು ಅಷ್ಟೇ, ಯುದ್ಧ ಗಿದ್ಧ ಏನೂ ಕಂಡಿಲ್ಲ. ನಿಜವಾಗ್ಲೂ ಮುತ್ತಿಗೆ, ಫಿರಂಗಿ, ಸುಂಕದ ಜಗಳ ಎಲ್ಲಾ ನೋಡಿರೋ ಕೋಟೆ ಬೇಕು ಅಂದ್ರೆ ಫ್ರಾಂಕ್‌ಫರ್ಟ್ ಕಡೆ ಇರೋರಿಗೆ ರೈನ್ ಮತ್ತೆ ಮೋಸೆಲ್ ನದಿಗಳ ಕಣಿವೆ ಹತ್ರಾನೇ ಇದೆ. ಅಲ್ಲಿರೋ ಈ ಮೂರನ್ನೂ ನಾವು ನೋಡಿದೀವಿ, ಅಪ್ಪ ಅಮ್ಮನ ಜೊತೆ ಒಮ್ಮೆ, ಮಕ್ಕಳ ಜೊತೆ ಒಮ್ಮೆ, ಹಾಗೆ. ಒಂದೇ ದಿನ ಇದ್ರೆ ಯಾವ್ದು ಅಂತ ಕೇಳೋರಿಗೆ ಇದು.

ಎಲ್ಟ್ಸ್‌ದು ಫೋಟೋ ನೀವು ನೋಡೇ ಇರ್ತೀರ, ಹೆಸರು ಗೊತ್ತಿರಲ್ಲ ಅಷ್ಟೇ. ಯೂರೋ ಬರೋಕ್ ಮುಂಚೆ 500 ಮಾರ್ಕ್ ನೋಟಿನ ಮೇಲೂ ಇದೇ ಇತ್ತು. ಕಾಡಿನ ಮಧ್ಯೆ ಒಂದು ಬಂಡೆ, ಮೂರು ಕಡೆ ಎಲ್ಟ್ಸ್‌ಬಾಖ್ ಅನ್ನೋ ಹಳ್ಳ, ಮೇಲೆ ಒಂದಕ್ಕೊಂದು ಅಂಟ್ಕೊಂಡು ನಿಂತಿರೋ ಗೋಪುರಗಳು. 850 ವರ್ಷದಿಂದ ಒಂದೇ ವಂಶದ ಕೈಯಲ್ಲಿದೆ, ಇವತ್ತಿಗೂ ಅವ್ರದ್ದೇ. ಮಜಾ ಏನಂದ್ರೆ ವಂಶ ಮೂರು ಕವಲಾದ್ಮೇಲೆ ಯಾರೂ ಬಿಟ್ಟು ಹೋಗ್ಲಿಲ್ಲ, ಒಂದೇ ಅಂಗಳದ ಸುತ್ತ ಕೆಂಪೆನಿಖ್, ರ್ಯೂಬೆನಾಖ್, ರೋಡೆನ್‌ಡೋರ್ಫ್ ಅಂತ ಬೇರೆ ಬೇರೆ ಮನೆ ಎಬ್ಬಿಸ್ಕೊಂಡ್ರು, ನಮ್ಮಲ್ಲಿ ಭಾಗ ಆದ ಅಣ್ಣತಮ್ಮಂದಿರು ಹಳೇ ಮನೇಲೇ ಬೇರೆ ಬೇರೆ ಒಲೆ ಹೂಡಿದ ಹಾಗೆ. ಅದಕ್ಕೇ ಹೊರಗಿಂದ ನೋಡಿದ್ರೆ ಒಂದು ಪ್ಲಾನ್ ಅಂತ ಕಾಣಲ್ಲ, ಅದೇ ಅದರ ಚಂದ.

ಒಳಗಡೆ ಮಾತ್ರ ನನಗೆ ಅಷ್ಟಕ್ಕಷ್ಟೇ. ಗೈಡ್ ಜೊತೆನೇ ಹೋಗ್ಬೇಕು, ಮುಕ್ಕಾಲು ಗಂಟೆ ಒಳಗೆ ಮುಗಿದೋಗತ್ತೆ, ಒಳಗೆ ಫೋಟೋ ತೆಗೆಯೋ ಹಾಗಿಲ್ಲ, ಹಿಂದಿನ ಗುಂಪು ಬಂತು ಅಂತ ಮುಂದೆ ಮುಂದೆ ಕಳಿಸ್ತಾನೇ ಇರ್ತಾರೆ. ಕ್ರಾನಾಖ್ ಅನ್ನೋ ಹಳೇ ಜರ್ಮನ್ ಕಲಾವಿದ ಬರೆದಿರೋ ಮಡೋನಾ, ಅಂದ್ರೆ ಮೇರಿ ಮಾತೆಯ ಚಿತ್ರ ಇದೆ, ದೊಡ್ಡ ಹಜಾರದಲ್ಲಿ ವಿದೂಷಕರ ಮುಖಗಳು, ಬಾಗಿಲ ಮೇಲೆ ಒಂದು ಗುಲಾಬಿ. ಅಂದ್ರೆ ಇಲ್ಲಿ ಏನ್ ಬೇಕಾದ್ರೂ ಮಾತಾಡಿ, ಆದ್ರೆ ಹೊರಗೆ ಹೋದ್ಮೇಲೆ ಬಾಯಿ ಮುಚ್ಕೊಂಡಿರಿ ಅಂತ. ಇಂಥವು ಚೆನ್ನಾಗಿವೆ, ನಿಂತು ನೋಡೋಕೆ ಟೈಮ್ ಕೊಟ್ರೆ. ಎಲ್ಟ್ಸ್‌ನ ನಿಜವಾದ ಮಜಾ ದಾರಿಯಲ್ಲಿದೆ, ಮೋಸೆಲ್‌ಕೆರ್ನ್ ಸ್ಟೇಷನ್ನಲ್ಲಿ ಇಳಿದು ಹಳ್ಳದ ಪಕ್ಕದಲ್ಲೇ ಕಾಡಲ್ಲಿ ಸುಮಾರು 5 ಕಿಲೋಮೀಟರ್ ನಡೀಬೇಕು, ಕೊನೆಗೆ ಮರಗಳ ಸಂದಿಯಿಂದ ಕೋಟೆ ಕಾಣ್ಸತ್ತೆ. ವಯಸ್ಸಾದೋರು ಜೊತೆಗಿದ್ರೆ ಕಾರಲ್ಲಿ ಹೋಗಿ, ಪಾರ್ಕಿಂಗಿಂದ ಕೆಳಗೆ ಶಟಲ್ ಬಸ್ ಇದೆ.

ಮಾರ್ಕ್ಸ್‌ಬುರ್ಗ್ ಇದಕ್ಕೆ ಪೂರ್ತಿ ಉಲ್ಟಾ. ಫೋಟೋದಲ್ಲಿ ಸಾಧಾರಣ ಅನ್ಸತ್ತೆ, ಬ್ರೌಬಾಖ್ ಊರಿನ ಮೇಲೆ ಒಂದು ಗುಡ್ಡ, ಗುಡ್ಡದ ಮೇಲೆ ಒಂದು ಬಿಳಿ ಗೋಪುರ. ಆದ್ರೆ ರೈನ್ ಕಣಿವೆಯ ಮಧ್ಯಭಾಗದಲ್ಲಿ ಒಮ್ಮೆಯೂ ನಾಶ ಆಗದೆ ಉಳಿದಿರೋ ಬೆಟ್ಟದ ಕೋಟೆ ಇದೊಂದೇ. ಒಳಗೆ ಹೋಗ್ತಿದ್ದ ಹಾಗೇ ಬಂಡೇನೇ ಕಡಿದು ಮಾಡಿರೋ ಮೆಟ್ಟಿಲು, ಕುದುರೆ ಹತ್ತೋ ಅಷ್ಟು ಅಗಲ, ಏರುಪೇರು, ಮಳೆ ಬಂದಿದ್ರೆ ಹುಷಾರು. ಆಮೇಲೆ ರೈನ್ ಕಡೆ ಮುಖ ಮಾಡಿರೋ ಫಿರಂಗಿಗಳು, ಔಷಧಿ ಗಿಡಗಳ ತೋಟ, ವೈನ್ ನೆಲಮಾಳಿಗೆ, ಆಳು ನಿಲ್ಲೋವಷ್ಟು ದೊಡ್ಡ ಒಲೆ ಇರೋ ಅಡುಗೆಮನೆ, ಗೋಡೆಯಿಂದ ಹೊರಗೆ ನೇತಾಡ್ತಿರೋ ಕಕ್ಕಸು, ಕೆಳಗೆ ನೇರ ಬಯಲು! ಮಕ್ಕಳಿಗೆ ಮನೆಗೆ ಬಂದ್ಮೇಲೂ ಅದೊಂದೇ ಮಾತು. ಎಲ್ಟ್ಸ್‌ನಲ್ಲಿ ದೊಡ್ಡವರು ಹೇಗೆ ಮೆರೀತಿದ್ರು ಅಂತ ಗೊತ್ತಾಗತ್ತೆ, ಇಲ್ಲಿ ಕೋಟೇಲಿ ದಿನ ಹೇಗೆ ತಳ್ತಿದ್ರು ಅಂತ. ನನಗೆ ಎರಡನೇದೇ ಜಾಸ್ತಿ ಹಿಡಿಸ್ತು.

ಇದು ಉಳಿದಿದ್ದಕ್ಕೂ ಕಾರಣ ಇದೆ. 1866ರ ನಂತರ ಆಗಿನ ದೊಡ್ಡ ಜರ್ಮನ್ ರಾಜ್ಯ ಪ್ರಷ್ಯಾದ ಸರ್ಕಾರದ ಕೈಗೆ ಬಂತು, ಅದಕ್ಕೂ ಮುಂಚೆ ಜೈಲು, ಗಾಯಾಳು ಸೈನಿಕರ ಮನೆ ಎಲ್ಲಾ ಆಗಿತ್ತು, ಕೊನೆಗೆ 1900ರಲ್ಲಿ ಜರ್ಮನ್ ಕೋಟೆಗಳ ಸಂಘದೋರು ಬರೀ 1000 ಮಾರ್ಕ್ ಕೊಟ್ಟು ತಗೊಂಡ್ರು. ಅವ್ರ ಆಫೀಸೂ ಅಲ್ಲೇ. ಹಾಗಾಗಿ ಯಾರೋ ರಾಜಕುಮಾರ ಬಂದು ತನ್ನಿಷ್ಟಕ್ಕೆ ರಿಪೇರಿ ಮಾಡಿ ಕೆಡಿಸಿಲ್ಲ. ಇಲ್ಲೂ ಗೈಡ್ ಕಡ್ಡಾಯ, ಇಂಗ್ಲಿಷ್ ಟೂರ್ ಕಮ್ಮಿ, ಅದರ ಟೈಮ್ ನೋಡ್ಕೊಂಡೇ ಹೊರಡಿ, ಇಲ್ಲಾಂದ್ರೆ ಜರ್ಮನ್ ಟೂರಲ್ಲಿ ಕೈಗೊಂದು ಹಾಳೆ ಹಿಡ್ಕೊಂಡು ಹಿಂದೆ ಹಿಂದೆ ಓಡಾಡ್ಬೇಕು. ಅಮ್ಮನ ಮಂಡಿನೋವಿಗೆ ಮಾತ್ರ ಇದು ಆಗಿ ಬರ್ಲಿಲ್ಲ, ಮಂಡಿನೋವಿರೋರ್ನ ಕರ್ಕೊಂಡು ಹೋಗ್ಬೇಡಿ.

ರೈನ್‌ಫೆಲ್ಸ್ ಪಾಳು. ಸೇಂಟ್ ಗೋರ್ ಊರಿನ ಮೇಲೆ, 1245ರಲ್ಲಿ ಕಾಟ್ಸೆನ್‌ಎಲ್ನ್‌ಬೋಗನ್ ಮನೆತನದ ಡೀಟರ್ ಕಟ್ಟೋಕೆ ಶುರು ಮಾಡಿದ್ದು, ನದೀಲಿ ಹೋಗೋ ದೋಣಿಗಳ ಹತ್ರ ಸುಂಕ ವಸೂಲಿಗೆ. ಸುಂಕ ಜಾಸ್ತಿ ಆಯ್ತು ಅಂತ 1255ರಲ್ಲಿ ಸುತ್ತಲಿನ ಪಟ್ಟಣದೋರೆಲ್ಲಾ ಸೇರಿ ವರ್ಷಕ್ಕೂ ಮೇಲೆ ಮುತ್ತಿಗೆ ಹಾಕಿದ್ರು, ಏನೂ ಆಗ್ಲಿಲ್ಲ. 1692ರಲ್ಲಿ ಹದಿನಾಲ್ಕನೇ ಲೂಯಿಯ ಫ್ರೆಂಚ್ ಸೈನ್ಯ ಬಂತು, ಅವ್ರೂ ವಾಪಸ್. ಆಮೇಲೆ 1794ರಲ್ಲಿ ಮತ್ತೆ ಫ್ರೆಂಚರು ಬಂದಾಗ ಒಂದು ಗುಂಡೂ ಹಾರಿಸದೆ ಬಿಟ್ಕೊಟ್ರು, ಆಮೇಲೆ ಫ್ರೆಂಚರು ಸಿಡಿಮದ್ದು ಇಟ್ಟು ಉಡಾಯಿಸಿದ್ರು. ಎಲ್ಟ್ಸ್ ಕಥೆ ಪಕ್ಕ ಇಟ್ಟು ನೋಡಿ, ಅದೇ ಲೂಯಿ ಕಾಲದಲ್ಲಿ ಸುತ್ತಮುತ್ತ ಎಲ್ಲಾ ಸುಟ್ರೂ ಅದು ಉಳೀತು, ಯಾಕಂದ್ರೆ ಅವ್ರ ವಂಶದೋನೊಬ್ಬ ಫ್ರೆಂಚ್ ಸೈನ್ಯದಲ್ಲಿ ದೊಡ್ಡ ಅಧಿಕಾರಿ, ಕೆಡವೋ ಪಟ್ಟಿಯಿಂದ ಹೆಸರು ತೆಗೆಸಿದ. ಇನ್‌ಫ್ಲುಯೆನ್ಸ್ ಎಲ್ಲಾ ಕಾಲಕ್ಕೂ ಇದ್ದಿದ್ದೇ.

ಇಲ್ಲಿ ಗೈಡ್ ಕಾಟ ಇಲ್ಲ, ಮ್ಯಾಪ್ ತಗೊಂಡು ನಿಮ್ಮ ಪಾಡಿಗೆ ತಿರುಗಬಹುದು. ಕೆಳಗೆ ಸುರಂಗಗಳಿವೆ, ಮೇಲೆ ನಿಂತ ಶತ್ರು ಕಾಲಡಿ ಮದ್ದು ಸಿಡಿಸೋಕೆ ಅಂತ ತೋಡಿದ್ದು, ಬಗ್ಗಿ ಬಗ್ಗಿ ಹೋಗ್ಬೇಕು, ಕತ್ತಲೆ, ಟಾರ್ಚ್ ಬೇಕೇ ಬೇಕು. ಸೇಫ್ಟಿ ಕಾರಣಕ್ಕೆ ಕೆಲವು ಭಾಗ ಆಗಾಗ ಮುಚ್ಚಿರತ್ತೆ, ಮಕ್ಕಳಿಗೆ ಮಾತು ಕೊಡೋ ಮುಂಚೆ ವಿಚಾರಿಸಿಕೊಳ್ಳಿ. ಗೋಡೆ ಮೇಲಿಂದ ಎದುರು ದಡದ ಕಾಟ್ಸ್ ಕೋಟೆ, ರೈನ್ ತಿರುವು, ಇದು ಮೂರರಲ್ಲೂ ಬೆಸ್ಟ್ ವ್ಯೂ. ಇತಿಹಾಸ ಏನೂ ಬೇಡ, ಕಾಲಾಡಿಸ್ಬೇಕು ಅನ್ನೋರಿಗೆ ಕಣ್ಮುಚ್ಕೊಂಡು ಇದನ್ನೇ ಹೇಳ್ತೀನಿ.

ಒಂದೇ ಅಂದ್ರೆ ನನ್ನ ವೋಟು ಮಾರ್ಕ್ಸ್‌ಬುರ್ಗ್‌ಗೆ. ನನ್ನ ಗಂಡ ಇವತ್ತಿಗೂ ಎಲ್ಟ್ಸ್ ಅಂತಾರೆ, ಅವ್ರಿಗೆ ಫೋಟೋ ಮುಖ್ಯ. ಚಳಿಗಾಲ ಆದ್ರೆ ಜಗಳಾನೇ ಇಲ್ಲ, ಎಲ್ಟ್ಸ್ ನವೆಂಬರ್ ಮೊದಲಿಗೆ ಮುಚ್ಚಿದ್ರೆ ಮತ್ತೆ ತೆಗೆಯೋದು ಮಾರ್ಚ್ ಕೊನೆ ಏಪ್ರಿಲ್ ಹೊತ್ತಿಗೆ, ಮಾರ್ಕ್ಸ್‌ಬುರ್ಗ್ ಕ್ರಿಸ್‌ಮಸ್ ಬಿಟ್ರೆ ವರ್ಷವೆಲ್ಲಾ ತೆಗೆದಿರತ್ತೆ.

ರೈನ್ ಮೇಲಿನ ಎರಡನ್ನೂ ಒಂದೇ ದಿನ ಮಾಡಬಹುದು. ಮೈನ್ಸ್‌ನಿಂದ ಕೊಬ್ಲೆನ್ಸ್‌ವರೆಗೆ ರೈನ್‌ಗೆ ಸೇತುವೆನೇ ಇಲ್ಲ, ಅದಕ್ಕೆ ಬೆಳಿಗ್ಗೆ ಎಡದಂಡೆ ಟ್ರೈನಲ್ಲಿ ಸೇಂಟ್ ಗೋರ್‌ಗೆ ಹೋಗಿ ರೈನ್‌ಫೆಲ್ಸ್ ಮುಗಿಸಿ, ಫೆರ್ರಿಲಿ ಆಚೆ ದಡದ ಸೇಂಟ್ ಗೋರ್ಸ್‌ಹೌಸೆನ್‌ಗೆ ದಾಟಿ, ಅಲ್ಲಿಂದ ಬಲದಂಡೆ ಲೋಕಲ್ ಟ್ರೈನಲ್ಲಿ ಬ್ರೌಬಾಖ್. ಎಲ್ಲಾ ರೀಜನಲ್ ಟ್ರೈನ್ ಆಗಿರೋದ್ರಿಂದ ಡಾಯ್ಚ್‌ಲಾಂಡ್ ಟಿಕೆಟ್ ಅನ್ನೋ ತಿಂಗಳ ಪಾಸ್ ಇದ್ರೆ ಟ್ರೈನಿಗೆ ಬೇರೆ ಖರ್ಚಿಲ್ಲ. ಎಲ್ಟ್ಸ್‌ನ ಅದೇ ದಿನಕ್ಕೆ ತುರುಕೋಕೆ ಹೋಗ್ಬೇಡಿ, ಅದು ಮೋಸೆಲ್ ಕಡೆ, ಅದಕ್ಕೇ ಒಂದು ಪೂರ್ತಿ ದಿನ, ಒಂದು ಜೊತೆ ಒಳ್ಳೆ ಶೂ.