ಟೆಕ್ಸಾಸ್ ಡಿವೋರ್ಸ್‌ಗೆ ದಾವಣಗೆರೆಯ ನೋಟರಿ ಸೀಲು ಸಾಲದು

ಹೊರದೇಶದಲ್ಲಿ ಡಿವೋರ್ಸ್ ಆಗಿ ಊರಿಗೆ ಬಂದವರು, ಬರುವವರು ಇದ್ದರೆ ದಯವಿಟ್ಟು ಓದಿ. ನಾನು ಹದಿನೆಂಟು ಸಾವಿರ ರೂಪಾಯಿ ಸುಮ್ನೆ ಕಳೆದುಕೊಂಡೆ. ಹೋದ ಕಾಲ ಅದಕ್ಕಿಂತ ಜಾಸ್ತಿ.

ಮದುವೆ ಆಗಿದ್ದು ದಾವಣಗೆರೆಯಲ್ಲೇ, ಹಿಂದೂ ಪದ್ಧತಿಯಲ್ಲಿ. ಆಮೇಲೆ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ಗೆ ಹೋದೆವು. ಹೊಂದಾಣಿಕೆ ಆಗಲಿಲ್ಲ, ಆ ಕಥೆ ಬಿಡಿ. ನಾನು ವಾಪಸ್ ಬಂದ ಮೇಲೆ ಗಂಡ ಅಲ್ಲೇ ಡಿವೋರ್ಸ್ ಕೇಸ್ ಹಾಕಿ ನನಗೊಂದು ಫಾರಂ ಕಳಿಸಿದರು. "ಸೈನ್ ಹಾಕಿ ಕಳಿಸು, ನೀನು ಬರೋದೇ ಬೇಡ" ಅಂದರು. ನೋಟಿಸ್ ಜಾರಿ ಬೇಡ ಅಂತ ಬರೆದುಕೊಡುವ ಫಾರಂ ಅದು. ಸರಿಯಾಗಿ ಓದದೆ ಸೈನ್ ಹಾಕಿದೆ. ಟೆಕ್ಸಾಸ್‌ನಲ್ಲಿ 60 ದಿನ ಕಾಯಬೇಕು, ಅಷ್ಟೇ. ಡಿಕ್ರಿ, ಅಂದರೆ ಕೋರ್ಟಿನ ಡಿವೋರ್ಸ್ ಆದೇಶ, ಈಮೇಲ್‌ನಲ್ಲಿ ಬಂತು. ಮುಗೀತು ಅಂದುಕೊಂಡೆ.

ಎರಡು ವರ್ಷದ ಮೇಲೆ ಚಿತ್ರದುರ್ಗದ ಸಂಬಂಧ ಕೂಡಿಬಂತು. ಆಗ ಕೋರ್ಟಿನ ಹತ್ತಿರ ಓಡಾಡುವ ಒಬ್ಬರು ಸಿಕ್ಕಿದರು. "ಪ್ರಿಂಟ್ ತೆಗೆಸಿ, ಅಫಿಡವಿಟ್ ಮಾಡಿ, ನೋಟರಿ ಸೀಲು ಹಾಕಿಸ್ತೀನಿ. ಇಂಡಿಯಾದಲ್ಲೂ ನಡೆಯುತ್ತೆ" ಅಂದರು. ನಡೆಯಲಿಲ್ಲ. ಮದುವೆ ನೋಂದಣಿ ವಿಚಾರಿಸಲು ಹೋದಾಗ ಪೇಪರ್ ವಾಪಸ್ ಕೊಟ್ಟರು. ಸಂಬಂಧಿಕರೊಬ್ಬರು "ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಬಿಡಿ, ಯಾರು ಕೇಳ್ತಾರೆ" ಅಂದರು. ಪುಣ್ಯಕ್ಕೆ ಅವ್ವ ಒಪ್ಪಲಿಲ್ಲ. ಮೊದಲ ಮದುವೆ ಕಾನೂನಿನ ಕಣ್ಣಲ್ಲಿ ಇನ್ನೂ ಇದ್ದರೆ ಎರಡನೆಯದು ಅಪರಾಧ. 7 ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು.

ಕೊನೆಗೆ ಒಬ್ಬ ಹಿರಿಯ ಲಾಯರ್ ಹತ್ತಿರ ಹೋದೆವು. ಅವರು ನೋಟರಿ ಸೀಲಿನ ಕಡೆ ನೋಡಲೇ ಇಲ್ಲ. ಪುಟ ತಿರುಗಿಸುತ್ತಾ ಒಂದು ಪದದ ಮೇಲೆ ಪೆನ್ನು ಇಟ್ಟರು: 'ಇನ್ಸಪೋರ್ಟಬಿಲಿಟಿ'. "ನೋಡಮ್ಮ, ಇನ್ನು ಕೂಡಿ ಬಾಳೋಕೆ ಆಗಲ್ಲ ಅನ್ನೋ ಕಾರಣ ಇದು. ನಮ್ಮ ಹಿಂದೂ ವಿವಾಹ ಕಾಯ್ದೆಯಲ್ಲಿ ಈ ಕಾರಣಾನೇ ಇಲ್ಲ" ಅಂದರು. ಇನ್ನೊಂದು ಪುಟ ತೆಗೆದು, "ನೀನು ಒಪ್ಪಿದೀಯ ಅಂತ ಎಲ್ಲಿದೆ? ಬರಲಿಲ್ಲ ಅಂತ ಮಾತ್ರ ಇದೆ."

1991ರಲ್ಲಿ ಸುಪ್ರೀಂ ಕೋರ್ಟ್ ನರಸಿಂಹ ರಾವ್ ಕೇಸಿನಲ್ಲಿ ಇದನ್ನೇ ಹೇಳಿದೆಯಂತೆ. ಅವರದು ತಿರುಪತಿಯಲ್ಲಿ ಆದ ಮದುವೆ, ಡಿವೋರ್ಸ್ ಅಮೆರಿಕದ ಮಿಸೌರಿಯಲ್ಲಿ. ಕೋರ್ಟ್ ಅದನ್ನು ಒಪ್ಪಲಿಲ್ಲ. ಮದುವೆ ಯಾವ ಕಾಯ್ದೆಯಲ್ಲಿ ಆಗಿದೆಯೋ ಅದರಲ್ಲಿರುವ ಕಾರಣಕ್ಕೇ ಡಿವೋರ್ಸ್ ಆಗಿರಬೇಕು. ಜೊತೆಗೆ ಎದುರು ಪಕ್ಷದವರು ಅಲ್ಲೇ ಕಾಯಂ ವಾಸವಿರಬೇಕು, ಇಲ್ಲವೇ ತಾವಾಗೇ ಹಾಜರಾಗಿ ವಾದ ಮಾಡಿರಬೇಕು. ಇದಾವುದೂ ಇಲ್ಲದಿದ್ದರೆ ಅವರು ಡಿವೋರ್ಸ್‌ಗೆ ಒಪ್ಪಿರಬೇಕು. ನನ್ನದು ಇದ್ಯಾವುದಕ್ಕೂ ಹೊಂದಲಿಲ್ಲ. ಹೊರದೇಶದ ತೀರ್ಪು ಇಲ್ಲಿ ಯಾವಾಗ ನಡೆಯಲ್ಲ ಅಂತ ಹೇಳುವ ಸಿವಿಲ್ ಪ್ರೊಸೀಜರ್ ಕೋಡ್‌ನ 13ನೇ ಸೆಕ್ಷನ್ ಅಂತ ಲಾಯರ್ ಹತ್ತು ಸಲ ಹೇಳಿರಬೇಕು, ಈಗ ನನಗೂ ಬಾಯಿಪಾಠ.

ಹಾಗಂತ ಎಲ್ಲರದೂ ಹೀಗೇ ಅಂತಲ್ಲ. ಇಬ್ಬರೂ ಒಪ್ಪಿ ಪಡೆದಿದ್ದರೆ, ಆ ಒಪ್ಪಿಗೆ ಡಿಕ್ರಿಯಲ್ಲೇ ಕಾಣುವ ಹಾಗಿದ್ದರೆ ದಾರಿ ಸುಲಭ. ಅಂಥವರು ಆ ಡಿವೋರ್ಸ್ ಇಲ್ಲೂ ಸಿಂಧು ಅಂತ ಫ್ಯಾಮಿಲಿ ಕೋರ್ಟಿನಲ್ಲಿ ಘೋಷಣೆ ಕೇಳಬಹುದು. ಅದಕ್ಕೂ ಪ್ರಿಂಟ್‌ಔಟ್ ಆಗಲ್ಲ. ಅಲ್ಲಿನ ಕೋರ್ಟಿನ ಸರ್ಟಿಫೈಡ್ ಕಾಪಿ, ಅದರ ಮೇಲೆ ಆ ರಾಜ್ಯದ ಅಪೊಸ್ಟಿಲ್ (ದಾಖಲೆ ಅಸಲಿ ಅಂತ ಹೊರದೇಶಕ್ಕೆ ಕೊಡುವ ಸರ್ಕಾರಿ ದೃಢೀಕರಣ) ಬೇಕು. ಅಲ್ಲಿರುವಾಗಲೇ ಮಾಡಿಸಿಕೊಂಡು ಬನ್ನಿ. ಇಲ್ಲಿಂದ ತರಿಸುವ ಫಜೀತಿ ಬೇಡ.

ನನಗೆ ಉಳಿದಿದ್ದು ಇಲ್ಲೇ ಹೊಸದಾಗಿ ಪರಸ್ಪರ ಒಪ್ಪಿಗೆಯ ಅರ್ಜಿ ಹಾಕುವುದು, ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್ ಅಂತಾರಲ್ಲ, ಅದು. ಹಳೇ ಗಂಡನನ್ನು ಒಪ್ಪಿಸಲು ನಾಲ್ಕು ತಿಂಗಳು ಹಿಡಿಯಿತು. ಅವರು ಹ್ಯೂಸ್ಟನ್ ಕಾನ್ಸುಲೇಟ್‌ನಲ್ಲಿ ಪವರ್ ಆಫ್ ಅಟಾರ್ನಿ ಮಾಡಿಸಿ ತಮ್ಮ ತಂದೆಗೆ ಕೊಟ್ಟರು. ಆಮೇಲೆ ಆರು ತಿಂಗಳು ಕಾದೆವು. ವಿಡಿಯೋದಲ್ಲಿ ನ್ಯಾಯಾಧೀಶರು "ಒತ್ತಾಯ ಏನಾದರೂ ಇದೆಯಾ?" ಅಂತ ಕೇಳಿದಾಗ ಅಲ್ಲಿ ರಾತ್ರಿ ಒಂದು ಗಂಟೆ. "ಇಲ್ಲ ಸರ್" ಅಂದು ಆಕಳಿಸಿದರು. ನಗು ತಡೆದುಕೊಂಡೆ. ಚಿತ್ರದುರ್ಗದವರು ಒಳ್ಳೆಯವರು, ಅಲ್ಲಿವರೆಗೂ ಕಾದರು.

ಹೋದ ತಿಂಗಳು ಡಿಕ್ರಿ ಆಯಿತು. ಸರ್ಟಿಫೈಡ್ ಕಾಪಿಗೆ ಅರ್ಜಿ ಕೊಟ್ಟಿದ್ದೇನೆ. ಈ ಸಲ ಮೂರು ಕಾಪಿ ಕೇಳಿದ್ದೇನೆ.