ನಾಲ್ಕು ಮಳೆಗಾಲ ಕಂಡ ನಮ್ಮ ಗಾಡಿಯ ಹೈಡ್ರಾಲಿಕ್ ಕೈ

ನಮ್ಮದು ತೀರ್ಥಹಳ್ಳಿ ಕಡೆಯ ಬೋರ್‌ವೆಲ್ ಗಾಡಿ. ಅದಕ್ಕೆ ಬೋರ್ ಕೊರೆಯುವ ರಾಡ್ ಎತ್ತಿಕೊಡುವ, ಆಯಿಲ್ ಒತ್ತಡದಿಂದ ಓಡುವ ಹೈಡ್ರಾಲಿಕ್ ಕೈ ಕೂರಿಸಿ ನಾಲ್ಕು ಮಳೆಗಾಲ ಆಯಿತು. ಹೊಸದರಲ್ಲಿ ಎಲ್ಲ ಮೆಷಿನ್ನೂ ಚೆನ್ನಾಗಿಯೇ ಓಡುತ್ತದೆ, ಅಲ್ವಾ? ಅದಕ್ಕೇ ಬರೆಯಲು ಇಷ್ಟು ದಿನ ಕಾದೆ.

ನಮ್ಮದು ನಾಲ್ಕೂವರೆ ಇಂಚಿನ, 20 ಅಡಿ ಉದ್ದದ ರಾಡ್. ಒಂದೊಂದೂ ಹೆಚ್ಚುಕಡಿಮೆ 100 ಕೆ.ಜಿ. 400 ಅಡಿ ಬೋರ್ ಅಂದರೆ 20 ರಾಡ್ ಇಳಿಸಬೇಕು, ಆ 20ನ್ನೂ ವಾಪಸ್ ತೆಗೆಯಬೇಕು. ಮೊದಲು ವಿಂಚ್‌ನಲ್ಲಿ ಎತ್ತುತ್ತಿದ್ದೆವು. ತೂಗಾಡುವ ರಾಡನ್ನು ಇಬ್ಬರು ಹುಡುಗರು ಅಪ್ಪಿಕೊಂಡು ಹಿಡಿದು ಥ್ರೆಡ್ಡಿಗೆ ಕೂರಿಸುತ್ತಿದ್ದರು. ಒಂದು ಜುಲೈನಲ್ಲಿ ಒಬ್ಬ ಹೆಲ್ಪರ್‌ನ ಬೆರಳು ಎರಡು ರಾಡಿನ ನಡುವೆ ಸಿಕ್ಕಿತು. ಉಗುರು ಪೂರ್ತಿ ಹೋಯಿತು. ಬೆರಳು ಉಳಿದದ್ದೇ ಪುಣ್ಯ. ಆ ವರ್ಷವೇ ಇದನ್ನು ಹಾಕಿಸಿದೆ.

ಕೆಲಸದಲ್ಲಿ ದೂರಿಲ್ಲ. ರಾಡ್ ಹಿಡಿದು, ಎತ್ತಿ, ನೇರಕ್ಕೆ ತಂದು ನಿಲ್ಲಿಸುತ್ತದೆ. ಲಿವರ್ ಬಿಟ್ಟರೆ ಅದು ತಾನೇ ನಡುವಿಗೆ ಬರುತ್ತದೆ, ಕೈ ಅಲ್ಲೇ ನಿಲ್ಲುತ್ತದೆ. ಈ ಲಿವರನ್ನು ಹಗ್ಗ ಕಟ್ಟಿ ಹಿಡಿಸಿಟ್ಟವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ತೊಂದರೆ ಕೊಟ್ಟದ್ದು ನಮ್ಮ ಮಣ್ಣು. ಮೇಲಿನ ಜಂಬಿಟ್ಟಿಗೆ ಕಲ್ಲಿನ ಪದರ ದಾಟಿದರೆ ಶೇಡಿ ಮಣ್ಣು ಸಿಗುತ್ತದೆ. ಒದ್ದೆಯಾದರೆ ಬೆಣ್ಣೆಯ ಹಾಗೆ ಅಂಟುತ್ತದೆ. ರಾಡ್ ಹಿಡಿಯುವ ಹಲ್ಲುಗಳ ಸಂದಿಯಲ್ಲಿ ಅದು ತುಂಬಿದರೆ ನೋಡುವುದಕ್ಕೆ ಹಿಡಿತ ಬಿಗಿಯಾಗಿಯೇ ಇರುತ್ತದೆ, ಆದರೆ ರಾಡ್ ಜಾರುತ್ತದೆ. ಮೊದಲ ವರ್ಷ ನಮ್ಮದು ಒಂದು ಗೇಣು ಜಾರಿತು. ಅವತ್ತಿನಿಂದ ನಾಲ್ಕೈದು ರಾಡಿಗೊಮ್ಮೆ ಕೈ ಕೆಳಗಿಳಿಸಿ, ಇಂಜಿನ್ ಬಂದ್ ಮಾಡಿ, ವೈರ್ ಬ್ರಷ್‌ನಲ್ಲಿ ಉಜ್ಜುತ್ತೇವೆ. ಹಲ್ಲು ಸವೆದು ಇದುವರೆಗೆ ಎರಡು ಸಲ ಬದಲಾಯಿಸಿದ್ದೇನೆ.

ದಿನಾ ಬೆಳಿಗ್ಗೆ ಒಂದು ಪರೀಕ್ಷೆ ಇದೆ. ರಾಡ್ ಹಿಡಿಸಿ ನೆಲದಿಂದ ಒಂದಡಿ ಎತ್ತುತ್ತೇವೆ. ಸಿಲಿಂಡರ್‌ನ ಹೊಳೆಯುವ ದಂಡಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು, ಇಂಜಿನ್ ಬಂದ್ ಮಾಡಿ, ಎಲ್ಲರೂ ದೂರ ಹೋಗಿ ಚಾ ಕುಡಿಯುತ್ತೇವೆ. ಹತ್ತು ನಿಮಿಷ ಬಿಟ್ಟು ಬಂದಾಗ ಗೆರೆ ಸರಿದಿದ್ದರೆ ಸಿಲಿಂಡರ್ ಒಳಗಿನ ಸೀಲ್ ಹೋಗಿದೆ, ಇಲ್ಲವೇ ಸಿಲಿಂಡರ್‌ನಿಂದ ಆಯಿಲ್ ವಾಪಸ್ ಹರಿಯದಂತೆ ತಡೆಯುವ ಲಾಕ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಅಂತ ಅರ್ಥ. ಅವತ್ತು ಕೆಲಸ ಇಲ್ಲ. ಬೋರ್ ಹೊಡೆಸುವವರು ಪೂಜೆ ಮಾಡಿ ತೆಂಗಿನಕಾಯಿ ಹಿಡಿದು ನಿಂತಿರುತ್ತಾರೆ, ಬೈಯುತ್ತಾರೆ. ಬೈಸಿಕೊಳ್ಳುತ್ತೇನೆ.

ಈ ಲಾಕ್ ವಾಲ್ವ್‌ನ ಬೆಲೆ ಗೊತ್ತಾದದ್ದು ಹೊಸನಗರದ ಹತ್ತಿರದ ಒಂದು ಅಡಿಕೆ ತೋಟದಲ್ಲಿ. ರಾಡ್ ಅರ್ಧ ಎತ್ತರದಲ್ಲಿತ್ತು. ಪಟಾಕಿ ಸಿಡಿದ ಹಾಗೆ ಸದ್ದಾಗಿ ಆಯಿಲ್ ಹೋಗುವ ಹೋಸ್ ಒಡೆಯಿತು. ಅಡಿಕೆ ಮರಗಳ ಮೇಲೆಲ್ಲ ಬಿಸಿ ಆಯಿಲ್ ಮಳೆ. ರಾಡ್ ಮಾತ್ರ ಇದ್ದಲ್ಲೇ ನಿಂತಿತು. ಕಾರಣ ಇಷ್ಟೇ, ಲಾಕ್ ವಾಲ್ವ್ ಇದ್ದದ್ದು ಸಿಲಿಂಡರ್ ಮೈಮೇಲೆ. ಅದು ಲಿವರ್‌ಗಳ ಹತ್ತಿರ ಇದ್ದಿದ್ದರೆ ಒಡೆದ ಹೋಸ್‌ನಿಂದ ಆಯಿಲ್ ಹರಿದುಹೋಗಿ ರಾಡ್ ಕೆಳಗೆ ಬಂದಿರುತ್ತಿತ್ತು. ಕೊಳ್ಳುವ ಮುಂಚೆ ಬೇರೇನೂ ಕೇಳದಿದ್ದರೂ ಇದೊಂದನ್ನು ಕೇಳಿ.

ಹೋಸ್ ಒಡೆದ ಮೇಲೂ ಅವಸರ ಮಾಡಲಿಲ್ಲ. ಇಂಜಿನ್ ಬಂದ್ ಮಾಡಿ ಲಿವರ್ ಆಡಿಸಿದರೆ ಲೈನಿನ ಒತ್ತಡ ಹೋಗುತ್ತದೆ. ಆದರೆ ಲಾಕ್ ವಾಲ್ವ್ ಹಿಂದೆ, ಸಿಲಿಂಡರ್ ಒಳಗೆ ಒತ್ತಡ ಹಾಗೇ ಕೂತಿರುತ್ತದೆ. ಅದಕ್ಕೇ ಮೊದಲು ವಿಂಚ್‌ನಿಂದ ರಾಡಿನ ಭಾರ ಹಿಡಿಸಿದೆವು, ಕೈಗೂ ಗಟ್ಟಿ ಆಧಾರ ಕೊಟ್ಟೆವು. ಆಮೇಲೇ ಸ್ಪ್ಯಾನರ್ ಹಾಕಿದ್ದು. ಒಡೆದ ಹೋಸನ್ನು ನೋಡಿದರೆ, ಲೋಹದ ಫಿಟ್ಟಿಂಗನ್ನು ಒತ್ತಿ ಕೂರಿಸಿದ (ಕ್ರಿಂಪ್ ಮಾಡಿದ) ತುದಿಯಲ್ಲಿ ರಬ್ಬರ್ ಬಿರಿದು ಒಳಗಿನ ತಂತಿ ತುಕ್ಕು ಹಿಡಿದಿತ್ತು. ಹಿಂದಿನ ವಾರವೇ ಕಾಣಬೇಕಿತ್ತು. ಅದರ ಮೇಲೆ ಗ್ರೀಸ್, ಕೆಸರು ಮೆತ್ತಿಕೊಂಡಿತ್ತು, ಒರೆಸಿ ನೋಡಿರಲಿಲ್ಲ. ಅದು ನನ್ನದೇ ತಪ್ಪು. ಈಗ ಒರೆಸದೆ ನೋಡುವುದಿಲ್ಲ.

ಇನ್ನೊಂದು ಮಾತು, ಹುಡುಗರಿಗೆ ಖಂಡಿತ ಹೇಳಿ. ಹೋಸ್ ಜಿನುಗುತ್ತಿದ್ದರೆ ಕೈಯಲ್ಲಿ ಮುಟ್ಟಿ ನೋಡಬಾರದು. ಸೂಜಿ ತೂತಿನಷ್ಟು ಸಣ್ಣ ಜಾಗದಿಂದ 150 ಬಾರ್ ಒತ್ತಡದಲ್ಲಿ ಬರುವ ಆಯಿಲ್ ಗ್ಲೌಸನ್ನೂ ಚರ್ಮವನ್ನೂ ದಾಟಿ ಒಳಗೆ ಹೋಗುತ್ತದೆ. ಹೊರಗೆ ಇರುವೆ ಕಚ್ಚಿದಷ್ಟೇ ಗುರುತು, ಮೊದಮೊದಲು ನೋವೂ ಜಾಸ್ತಿ ಇರುವುದಿಲ್ಲ. ಸುಮ್ನೆ ಮನೆಗೆ ಹೋಗಿ ಮಲಗಿದರೆ ಬೆರಳೇ ಹೋಗಬಹುದು. ತಕ್ಷಣ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ, "ಹೈಡ್ರಾಲಿಕ್ ಆಯಿಲ್ ಒತ್ತಡದಲ್ಲಿ ಒಳಗೆ ಹೋಗಿದೆ" ಅಂತಲೇ ಹೇಳಬೇಕು. ಸೋರಿಕೆ ಹುಡುಕಲು ನಾವು ಒಂದು ಉದ್ದನೆಯ ರಟ್ಟು ಇಟ್ಟುಕೊಂಡಿದ್ದೇವೆ. ಆಯಿಲ್ ಬಡಿದ ಜಾಗದಲ್ಲಿ ರಟ್ಟು ಕಪ್ಪಾಗುತ್ತದೆ.

ಮಳೆಗಾಲದಲ್ಲಿ ಹೈಡ್ರಾಲಿಕ್ ಆಯಿಲ್ ಟ್ಯಾಂಕಿನ ಗೇಜ್ ನೋಡುತ್ತಿರಿ. ಎರಡನೇ ವರ್ಷ ನಮ್ಮ ಆಯಿಲ್ ಹಾಲು ಹಾಕಿದ ಚಾ ಬಣ್ಣಕ್ಕೆ ತಿರುಗಿತ್ತು. ನೀರು ಸೇರಿದೆ ಅಂತ ಅರ್ಥ. ಟ್ಯಾಂಕಿಗೆ ಗಾಳಿಯಾಡಲು ಇರುವ ಬ್ರೀದರ್ ಮುಚ್ಚಳ ಸಡಿಲ ಇತ್ತು. ಪೂರ್ತಿ ಆಯಿಲ್, ಫಿಲ್ಟರ್ ಎರಡನ್ನೂ ಬದಲಾಯಿಸಬೇಕಾಯಿತು.

ನಮ್ಮ ತೋಟಗಳು ಇಳಿಜಾರು ಬೇರೆ. ಕೈ ಚಾಚಿದಾಗ ಭಾರ ಒಂದೇ ಕಡೆಗೆ ಬೀಳುತ್ತದೆ. ಗಾಡಿಯನ್ನು ಎತ್ತಿ ನಿಲ್ಲಿಸುವ ಜಾಕ್ ಕೆಳಗೆ ದಪ್ಪ ಮರದ ದಿಮ್ಮಿ ಹಾಕದೆ, ಮಟ್ಟ ನೋಡದೆ ಲಿವರ್ ಮುಟ್ಟುವುದಿಲ್ಲ.

ಬೇಸರ ಇರುವುದು ಸರ್ವಿಸ್ ಬಗ್ಗೆ. ಕೈ ನಿಧಾನ ಆಯಿತು ಅಂದಾಗ ಬಂದ ಮೆಕ್ಯಾನಿಕ್ ರಿಲೀಫ್ ವಾಲ್ವ್ ಬಿಗಿ ಮಾಡಲು ಹೋದ. ಒತ್ತಡ ಮಿತಿ ಮೀರದಂತೆ ಕಾಯುವುದೇ ಆ ವಾಲ್ವ್. ನಾನು ಬೇಡ ಅಂದೆ. ಕೊನೆಗೆ ನೋಡಿದರೆ ಫಿಲ್ಟರ್ ಕಟ್ಟಿಕೊಂಡಿತ್ತು, ಅಷ್ಟೇ. ಪುಸ್ತಕ ಇಂಗ್ಲಿಷ್‌ನಲ್ಲಿ ಮಾತ್ರ ಇದೆ. ಲಿವರ್ ಪಕ್ಕದ ಎಚ್ಚರಿಕೆಗಳನ್ನು ನಾನೇ ಕನ್ನಡದಲ್ಲಿ ಬರೆದು ಅಂಟಿಸಿದ್ದೇನೆ. ಹೋಸ್ ಶಿವಮೊಗ್ಗದಲ್ಲೇ ಆಗುತ್ತದೆ, ಸೀಲ್ ಕಿಟ್‌ಗೆ ಮಾತ್ರ ವಾರಗಟ್ಟಲೆ ಕಾಯಬೇಕು. ಮೇ ತಿಂಗಳಲ್ಲೇ ಎರಡು ಸೆಟ್ ತರಿಸಿ ಗಾಡಿಯಲ್ಲಿ ಇಟ್ಟುಕೊಳ್ಳಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಸರ್ವಿಸ್‌ಗೆ.